ಮಾಳವ್ವ ಹಗ್ಗ ಮಡಚಿದ್ದು

ಭಾಳ ಹಿಂದಿನ ಮಾತಿದು. ನಮ್ಮಜ್ಜನ ಅಜ್ಜನೂ ಇದನ್ನ ಕೇಳಿದವನ ಹೊರತು ಕಂಡವನಲ್ಲ. ಕರಿ ಮಣ್ಣಿನ ಎರಿಭೂಮಿಯ ಒಂದು ಊರಾಗ ಮಾಳವ್ವ ಅಂತ ಒಬ್ಬಾಕಿ ಹುಟ್ಟಿದ್ಲು. ಆಕಿನ್ನ ಕುರಿ ಕಾಯೋರ ಮನಿಗೆ ಕೊಟ್ಟಿದ್ರು. ನಾಲಿಗಿ ಭಾಳ ಚೂಪು, ಆಕಿ ಬಾಯಿ ತಗದ್ರ ಟಗರೂ ಹಿಂದ ಸರೀತಿತ್ತು ಅಂತಾರ.

ಆಕಿಗೆ ಒಬ್ಬ ಅಣ್ಣ ದ್ಯಾವಪ್ಪ, ಒಬ್ಬ ತಮ್ಮ ಕೆಂಚಪ್ಪ. ಅಪ್ಪ ಸತ್ತಮ್ಯಾಲ ಹೊಲ ಪಾಲಾತು. ಹೊಲ ನೋಡ್ರಿ, ಮೂರು ಮೂಲಿದು. ಒಂದು ಮೂಲ್ಯಾಗ ಬಾವಿ. ನೀರು ಇಬ್ರಿಗೂ ಬೇಕಲ್ಲ, ಅದಕ್ಕ ಬಾವಿಯಿಂದ ಎದುರಿನ ಬದುವಿಗೆ ಗೆರಿ ಎಳೀಬೇಕು. ಆ ಗೆರಿ ಬದುವಿನ ಮ್ಯಾಲ ಎಲ್ಲಿ ಬಂದು ಕೂಡಬೇಕು ಅನ್ನೋದ ಕಗ್ಗಂಟು. ಆ ಊರಾಗ ಹೊಲ ಅಳಿಯೋ ಪದ್ಧತಿ ಹೆಂಗಿತ್ತಪಾ ಅಂದ್ರ, ಒಂದೊಂದು ಪಾಲಿನ ಸುತ್ತಲ ಅಂಚಿನ ಮ್ಯಾಲ ಹೆಜ್ಜಿ ಹಾಕಿ ನಡೀತಿದ್ರು. ಹೆಜ್ಜಿ ಸಮ ಬಂದ್ರ ಹೊಲ ಸಮ. ಹಿರಿಯಾರು ಹಂಗ ಅಳದು ಕಲ್ಲು ನೆಟ್ರು.

ಬಾವಿಯಿಂದ ಹೊಂಟ ಎರಡು ಬದುವಿನ್ಯಾಗ ದ್ಯಾವಪ್ಪನ ಕಡೆ ಉದ್ದನ ಬದು ಬಂತು, ಕೆಂಚಪ್ಪನ ಕಡೆ ಗಿಡ್ಡ ಬದು. ಬಿತ್ತಿದ್ದು ಒಂದ ಜೋಳ, ಆದ್ರ ಪ್ರತಿ ಸುಗ್ಗಿಗೂ ದ್ಯಾವಪ್ಪನ ರಾಶಿ ಸಣ್ಣದು. ತಮ್ಮ ಕಲ್ಲು ಸರಿಸ್ಯಾನ ಅಂದ. ನಡು ಊರಾಗ ನಿಂತು ಕಳ್ಳ ಅಂದ. ಅವತ್ತಿಂದ ಇಬ್ಬರ ನಡುವ ಮಾತು ಬಂದ್.

ಆ ವರ್ಷ ನಾಗರ ಪಂಚಮಿಗೆ ಮಾಳವ್ವನ್ನ ತವರಿಗೆ ಕರಿಯಾಕ ಯಾರೂ ಬರಲಿಲ್ಲ. ಅವ ಕರದ್ರ ಇವಗ ಸಿಟ್ಟು, ಇವ ಕರದ್ರ ಅವಗ. ದಾರಿ ನೋಡಿ ನೋಡಿ ಆಕಿ ಸಾಕಾದ್ಲು. ತವರು ಇದ್ದೂ ಇಲ್ಲದಂಗ ಆತಲ್ಲವ್ವಾ ಅಂತ ಕುಂತು ಅತ್ಲು. ಆಮ್ಯಾಲ ಕಣ್ಣು ಒರಸ್ಕೊಂಡು, ದೊಡ್ಡಿ ಕಟ್ಟೋ ಹಗ್ಗ ಹೆಗಲಿಗೆ ಹಾಕ್ಕೊಂಡು, ಕುರಿ ಹೊಡಕೊಂಡು, ಕರೀದನ ತವರಿಗೆ ಬಂದ್ಲಂತ.

ಇಬ್ರನ್ನೂ ಬೈದು ಹೊಲಕ್ಕ ಎಳದು ತಂದ್ಲು. ಹೊಲ ಇನ್ನೂ ಬಿತ್ತಿರಲಿಲ್ಲ. ಹಗ್ಗದ ತುದಿಗೆ ತುದಿ ಗಂಟು ಹಾಕಿ, ಗೂಟಕ್ಕ ಸುತ್ತಿ, ಅಗಲಾಗಿ ಒಂದು ದೊಡ್ಡಿ ಮಾಡಿದ್ಲು. ಕುರಿ ಎಲ್ಲಾ ಒಳಗ ಆರಾಮ ಮಲಗಿದ್ವು. ಗೂಟ ಕಿತ್ತು, ಅದ ಹಗ್ಗದ್ಲೆ ಉದ್ದಕ ಸಪೂರ ದೊಡ್ಡಿ ಮಾಡಿದ್ಲು. ಅರ್ಧ ಕುರಿ ಹೊರಗ ಉಳದ್ವು.

“ಹಗ್ಗ ಅಷ್ಟ ಐತಿ. ಜಾಗಾನೂ ಅಷ್ಟ ಐತೇನ್ರಪಾ?”

“ಇಲ್ಲ,” ಅಂದ ಅಣ್ಣ. ತಮ್ಮ ಬಾಯಿ ಬಿಡಲಿಲ್ಲ. ಇಬ್ರೂ ಹೇಳೋತನಕ ನಾ ಮುಂದಕ್ಕ ಹೋಗಂಗಿಲ್ಲ ಅಂತ ಬದುವಿನ ಮ್ಯಾಲ ಕುಂತಬಿಟ್ಲು. ಬಿಸಿಲು ಏರ್ತು. ಕಡೀಕ ತಮ್ಮನೂ “ಇಲ್ಲ” ಅಂದ.

ಆಮ್ಯಾಲ ಬಾವಿ ಎದುರಿನ ಬದುವಿನ ಗುಂಟ ಈ ತುದಿಯಿಂದ ಆ ತುದಿಗೆ ಹಗ್ಗ ಚಾಚಿದ್ಲು. ತುದಿಗೆ ತುದಿ ಕೂಡಿಸಿ ಮಡಚಿ, ನಡು ಬಂದಲ್ಲಿ ಹೊಸ ಕಲ್ಲು ಇಟ್ಲು. “ಇಲ್ಲೀತನಕ ಹೌದಾ?” ಅಂದ್ಲು. ಹೌದು ಅಂದ ಒಬ್ಬ, ಹೌದು ಅಂದ ಇನ್ನೊಬ್ಬ. ಕಲ್ಲಿನಿಂದ ಬಾವಿಗೆ ನೆಟ್ಟಗ ಗೆರಿ ಎಳದ್ಲು. ಇವೆರಡೂ ಸಮ ಅಂತ ಹೆಂಗ ನಂಬೋದು ಅಂತ ಅಣ್ಣ ತಗಾದಿ ತಗದ. ನಂಬಬ್ಯಾಡ, ಆ ಬದುವಿನ ಗುಂಟನ ನೇಗಿಲ ಸಾಲು ಹೊಡಿ ಅಂದ್ಲು. ಹೊಡದ್ರು. ಮೊದಲ ಸಾಲಿನ ಮ್ಯಾಲ ಹಗ್ಗ ಇಟ್ಟು ಮಡಚಿದ್ಲು, ನಡು ಬಂದು ಗೆರಿ ಮ್ಯಾಲ ಕುಂತಿತು. ಮುಂದಿನ ಸಾಲು ಸ್ವಲ್ಪ ಗಿಡ್ಡ, ಅದರ ನಡೂನೂ ಗೆರಿ ಮ್ಯಾಲ. ಬಾವಿ ಕಡೆ ಹೋದಂಗ ಸಾಲು ಗಿಡ್ಡ ಆಗ್ತಾ ಬಂದ್ವು, ಆದ್ರ ಯಾವ ಸಾಲು ನೋಡಿದ್ರೂ ಅರ್ಧ ಅವಗ, ಅರ್ಧ ಇವಗ.

“ಸಾಲೆಲ್ಲಾ ಸಮ ಆದ್ರ, ಹೊಲ?” ಅಂದ್ಲು ಮಾಳವ್ವ.

ದ್ಯಾವಪ್ಪ ಹೊಸ ಕಲ್ಲು ನೋಡಿದ, ಹಳೇ ಕಲ್ಲು ನೋಡಿದ. ಹಳೇ ಕಲ್ಲು ಹಿರಿಯಾರು ನೆಟ್ಟಲ್ಲೇ ಇತ್ತು. ಸಣ್ಣ ಪಾಲು ತನಗ ಬಂದಿದ್ದು ಆ ಹೆಜ್ಜಿ ಲೆಕ್ಕದ್ಲೆ. ಉದ್ದನ ಬದುವಿಗೇ ಹೆಜ್ಜಿ ಹೆಚ್ಚು ಹೋಗಿ, ಎದುರಿನ ಬದುವಿನ್ಯಾಗ ತನಗ ಕಡಿಮಿ ಉಳದಿತ್ತು. ಅದಕ್ಕ ನಾ ನಿನ್ನ ಕಳ್ಳ ಅಂದೆನಲ್ಲೋ ತಮ್ಮಾ ಅಂತ ಗಳಗಳ ಅತ್ತನಂತ. ಕೆಂಚಪ್ಪ ಹಳೇ ಕಲ್ಲು ತಾನ ಕಿತ್ತ, ಒಂದು ಕಡೆ ಅಣ್ಣಗ ಹಿಡಿ ಅಂದ, ಇಬ್ರೂ ಹೊತ್ತು ಹಳ್ಳಕ್ಕ ಒಗದು ಬಂದ್ರು.

ಮುಂದಿನ ಪಂಚಮಿಗೆ ಒಂದ ಚಕ್ಕಡ್ಯಾಗ ಇಬ್ರೂ ಬಂದ್ರು ಅಂತಾರ. ಇಬ್ರನ್ನೂ ಬೈಕೋತನ ಮಾಳವ್ವ ಚಕ್ಕಡಿ ಹತ್ತಿದ್ಲಂತ.

ಈಗೂ ಆ ಊರಾಗ ಹೊಲ ಪಾಲಾಗೋದಿದ್ರ ಮೊದಲು ಮನಿಮಗಳನ್ನ ಕರೀತಾರ. ಮಡಚಿದ ಹಗ್ಗದ ನಡು ಆಕೀನೇ ಹಿಡೀಬೇಕು. “ಇಲ್ಲೀತನಕ ಹೌದಾ?” ಅಂತ ಆಕೀನೇ ಕೇಳಬೇಕು. ಅಣ್ಣ ತಮ್ಮ ಇಬ್ರೂ ಕೂಡಿ ಹೌದು ಅನ್ನೋತನಕ ಆಕಿ ಹಗ್ಗ ಬಿಡಂಗಿಲ್ಲ.