ಎಡಕ್ಕೆ ಸುತ್ತಿದ ಹೆಂಟೆವ್ವ

ಒಂದಾನೊಂದು ಕಾಲದಲ್ಲಿ, ಆಗ ನಮ್ಮೂರೂ ಇರಲಿಲ್ಲ, ನಮ್ಮೂರಿನ ಚಾಡಿಯೂ ಇರಲಿಲ್ಲ, ಆಕಾಶದ ಆಚೆ ಮಗ್ಗುಲಲ್ಲಿ ದೊಡ್ಡಯ್ಯ ಅಂತ ಒಬ್ಬ ಗ್ರಹ ಇದ್ದನಂತೆ. ಅವನ ಗಾತ್ರ ಕೇಳಬೇಡ ಮಗಾ, ನಮ್ಮ ಭೂಮಿಯಂಥವು ಸಾವಿರ ಆ ಹೊಟ್ಟೇಲಿ ಅಡಗ್ತವಂತೆ, ಅದರ ಮೇಲೆ ಪಟ್ಟೆಪಟ್ಟೆ ಪಂಚೆ ಬೇರೆ. ಅವನಿಗೆ ಮೂರು ಜನ ಹೆಣ್ಮಕ್ಕಳು, ಮೂರೂ ದುಂಡನೆ ಚಂದ್ರಮರು. ಹೊಟ್ಟೇಲಿ ಬೆಂಕಿ ಇಟ್ಕೊಂಡಿದ್ದ ಕೆಂಚವ್ವ, ಮೈಯೆಲ್ಲ ಮಂಜಾಗಿದ್ದ ಹಾಲವ್ವ, ಎಲ್ಲರಿಗಿಂತ ತೂಕದ ಗುಂಡವ್ವ. ಅಪ್ಪನನ್ನ ಬಲಗಡೆ ಇಟ್ಕೊಂಡು ಪ್ರದಕ್ಷಿಣೆ ಹಾಕೋದೇ ಅವರ ಕೆಲಸ. ಅಷ್ಟಕ್ಕೇ ಜಂಬ ನೋಡು, ದೇವಸ್ಥಾನ ಇವರೇ ಕಟ್ಟಿಸಿದ ಹಾಗೆ.

ಹೀಗಿರುವಾಗ ಎಲ್ಲಿಂದಲೋ ಒಬ್ಬಳು ಬಂದಳಂತೆ. ಅಪ್ಪ ಯಾರೋ, ಅಮ್ಮ ಯಾರೋ. ದುಂಡಗಿಲ್ಲ, ಚೆಂದ ಇಲ್ಲ, ಉತ್ತ ಹೊಲದಲ್ಲಿ ಎದ್ದ ಮಣ್ಣಿನ ಹೆಂಟೆ ಥರ ಮುಖ. ಅದಕ್ಕೇ ಹೆಂಟೆವ್ವ ಅಂದರಂತೆ. ಕತ್ತಲಲ್ಲಿ ಒಬ್ಬಳೇ ಅಲೆದೂ ಅಲೆದೂ ಸಾಕಾಗಿ, ದೊಡ್ಡಯ್ಯನ ಅಂಗಳದ ಅಂಚಿಗೆ ಬಂದು, ಇನ್ನು ಇಲ್ಲೇ ಇರ್ತೀನಿ ಅಂತ ಸುತ್ತೋಕೆ ಶುರು ಮಾಡಿದಳಂತೆ. ಆದರೆ ಬಂದ ಓಟದಲ್ಲೇ ಹೊರಟಳು ನೋಡು, ದೊಡ್ಡಯ್ಯ ಅವಳ ಎಡಕ್ಕೆ ಸಿಕ್ಕಿಬಿಟ್ಟ. ಎಡಸುತ್ತು ಯಾರಿಗೆ ಹಾಕ್ತಾರೆ ಹೇಳು, ಹೆಣಕ್ಕೆ.

ಆಮೇಲೆ ಕೇಳಬೇಕಾ. ನಮ್ಮ ಹಿಂದಿನ ಬೀದಿ ತಿಪ್ಪಕ್ಕನ ಮಗ ಯಾರನ್ನೋ ಕರ್ಕೊಂಡು ಬಂದಾಗ ನಲ್ಲಿ ಹತ್ರ ಏನೇನು ಮಾತಾಯ್ತು, ನಾನೇನು ಕೇಳಿಸ್ಕೊಳ್ಳೋಕೆ ನಿಂತಿರಲಿಲ್ಲ, ಬಿಂದಿಗೆ ತುಂಬೋದು ನಿಧಾನ ಅಷ್ಟೇ, ಹಂಗೇ ಅಲ್ಲೂ ಆಯ್ತಂತೆ. ಮೂರೂ ಜನ ಅಪ್ಪನ ಕಿವಿ ಕಚ್ಚಿದರು, ಬದುಕಿರೋ ನಿನಗೆ ಹೆಣದ ಸುತ್ತು ಹಾಕ್ತಿದ್ದಾಳೆ, ಓಡಿಸಪ್ಪ ಅಂತ. ದೊಡ್ಡಯ್ಯನಿಗೆ ಅರೆನಿದ್ದೆ. ಮೂರು ಸುತ್ತು ನೋಡೋಣ, ಸರಿಹೋಗದಿದ್ರೆ ಬಂದ ಕತ್ತಲಿಗೇ ವಾಪಸ್ ಅಂದನಂತೆ.

ಮೊದಲನೇ ಸುತ್ತಿಗೆ ಕೆಂಚವ್ವ ದಾರಿಗೆ ಅಡ್ಡ ಬಂದು, ತಿರುಗೇ ಹೆಂಟೆಮೋರೆಯೋಳೆ ಅಂತ ಬೆಂಕಿ ಉಗುಳಿದಳಂತೆ. ಹೆಂಟೆವ್ವ ಅಂದಳಂತೆ, ತಿರುಗಬೇಕಾದ್ರೆ ಮೊದಲು ನಿಲ್ಲಬೇಕಕ್ಕ. ನೀನು ಹೆತ್ತ ಮಗಳು, ನಿಂತ್ರೂ ನಿಮ್ಮಪ್ಪ ಹಿಡ್ಕೋತಾನೆ. ನಾನು ನಿಂತ್ರೆ ಅವನ ಮೇಲೇ ಬಿದ್ದು ಪುಡಿಯಾಗ್ತೀನಿ, ಓಡ್ತಿರೋದಕ್ಕೇ ಉಳಿದಿರೋದು. ಹಂಗಂದು ಮೈ ಸುಟ್ಕೊಂಡೇ ದಾಟಿ ಹೋದಳಂತೆ.

ಎರಡನೇ ಸುತ್ತಿಗೆ ಹಾಲವ್ವ. ಇವಳದು ಸಕ್ಕರೆ ಬಾಯಿ, ಅಂಥೋರನ್ನ ಯಾವತ್ತೂ ನಂಬಬೇಡ. ಚೂರು ನಿಧಾನ ಮಾಡು ಚಿನ್ನ, ನಾನು ಹಿಡ್ಕೊಂಡು ತಿರುಗಿಸ್ತೀನಿ ಅಂದಳಂತೆ. ಪಾಪ, ಚಿನ್ನ ಅಂತ ಅದುವರೆಗೂ ಯಾರೂ ಕರೆದಿರಲಿಲ್ಲ, ಹೆಂಟೆವ್ವ ಕಾಲು ನಿಧಾನ ಮಾಡಿದಳು. ಮಾಡಿದ್ದೇ ತಡ ಜರ್ ಅಂತ ಜಾರಿದಳು, ಹಾಲವ್ವ ಕೈ ಚಾಚಲೇ ಇಲ್ಲವಂತೆ. ಹಲ್ಲು ಕಚ್ಚಿ ಓಡಿ ಓಡಿ ಮೇಲೆ ಬಂದಳಂತೆ ಹೆಂಟೆವ್ವ, ಆಮೇಲೆ ಯಾರ ಮಾತಿಗೂ ಕಾಲು ತಡೆಯಲಿಲ್ಲ.

ಮೂರನೇ ಸುತ್ತಿಗೆ ಗುಂಡವ್ವ ಸೆರಗು ಹಿಡಿದು ಜಗ್ಗಿದ ಹಾಗೆ ಜಗ್ಗಿದಳಂತೆ, ಹೆಂಟೆವ್ವನ ಮೈಯಿಂದ ಒಂದು ಮೂಲೆ ಕಿತ್ತೇ ಬಂತಂತೆ. ಅದನ್ನ ನೀನೇ ಇಟ್ಕೋ ಅಕ್ಕ, ಸುತ್ತೋಕೆ ಮಿಕ್ಕಿದ್ದೇ ಸಾಕು ಅಂತ ಹಿಂದೆ ತಿರುಗಿ ನೋಡದೆ ಹೊರಟಳಂತೆ.

ಆಮೇಲೆ ಮೂರೂ ಜನ ಅಪ್ಪನ ಹತ್ರ ಹೋಗಿ, ತಿರುಗಲಿಲ್ಲ, ಇನ್ನು ಓಡಿಸು ಅಂದರಂತೆ. ದೊಡ್ಡಯ್ಯ ತನ್ನ ಕೆಂಪನೆ ಒಂಟಿ ಕಣ್ಣು ತೆರೆದ. ಇವಳು ಮೂರು ಸುತ್ತು ಬರೋ ಹೊತ್ತಿಗೆ ನೀವು ಎಷ್ಟು ಸುತ್ತು ಬಂದ್ರಿ ಅಂದನಂತೆ. ಅವರೆಲ್ಲಿ ಬಂದಿದ್ರು. ಇನ್ನೊಬ್ಬರ ದಾರಿಗೆ ಅಡ್ಡ ನಿಂತೋರು ತಮ್ಮ ಸುತ್ತು ಸುತ್ತೋದು ಯಾವಾಗ. ಆಗ ಅವನಂದನಂತೆ, ನಾನು ಸತ್ತ ಹಾಗೆ ಸುತ್ತು ಬಿಟ್ಟು ನಿಂತೋರು ನೀವು. ಎಡವೋ ಬಲವೋ, ಸುಟ್ಟರೂ ಕಿತ್ತರೂ ನನ್ನ ಬಿಟ್ಟು ಹೋಗದೋಳು ಇವಳು. ಇನ್ಮೇಲೆ ನನಗೆ ನಾಲ್ಕು ಹೆಣ್ಮಕ್ಕಳು.

ಹಂಗೆ ಅಂಗಳದ ಅಂಚು ಹೆಂಟೆವ್ವನದಾಯ್ತಂತೆ. ಬಲಸುತ್ತಿನೋರು ಒಬ್ಬರ ಹಿಂದೆ ಒಬ್ಬರು, ನೋಡೋದು ಬರೀ ಬೆನ್ನು, ಬೆನ್ನಿನ ಜೊತೆ ಏನು ಮಾತಾಡ್ತಾರೆ. ಎದುರಿಗೆ ಮುಖ ಕೊಟ್ಟು ಬರೋಳು ಹೆಂಟೆವ್ವ ಒಬ್ಬಳೇ ಅಲ್ವಾ, ಈಗ ಕೆಂಚವ್ವನೂ ಅವಳನ್ನೇ ಕಾಯ್ತಾಳಂತೆ. ಹೆಂಟೆವ್ವ ಮಾತ್ರ ನಿಲ್ಲೋಲ್ಲ, ಓಡ್ತಾ ಓಡ್ತಾನೇ ಇವಳ ಸುದ್ದಿ ಅವಳಿಗೆ, ಅವಳ ಸುದ್ದಿ ಇವಳಿಗೆ ಹೇಳಿ ಹೋಗ್ತಾಳಂತೆ. ಅವಳ ಸುತ್ತು ಇನ್ನೂ ಮುಗಿದಿಲ್ಲ ಮಗಾ, ನನ್ನ ಕತೆ ಮುಗೀತು, ಕಣ್ಣು ಮುಚ್ಚು.