ಕೂಗದೇ ಬಂದ ಗಿರಾಕಿ

ಊರೂರು ಸುತ್ತಿ ಚಾಕು, ಈಳಿಗೆ ಸಾಣೆ ಹಿಡಿಯೋದು ನನ್ನ ಕಸುಬು. ಕೂಗಿದರೇನೇ ಗಿರಾಕಿ. ದಾವಣಗೆರೆಯ ಓಣಿಯೊಂದರಲ್ಲಿ ವಕೀಲ ಚನ್ನವೀರಪ್ಪನವರು ಮಹಡಿಯಿಂದ ಗದರಿದರು: "ಲೇ, ಇನ್ನೊಮ್ಮೆ ಇಲ್ಲಿ ಕೂಗಿದರೆ ಪೊಲೀಸರನ್ನ ಕರೆಸ್ತೀನಿ!" ಆ ದನಿ ಓಣಿಯ ಕೊನೆಮನೆಗೂ ಕೇಳಿಸಿತು. ಅಲ್ಲೇ ನನಗೆ ದಾರಿ ಹೊಳೆಯಿತು.

ಮರುದಿನ ಅವರ ಮಹಡಿಯ ಕೆಳಗೆ ಸಾಣೆಚಕ್ರ ಇಳಿಸಿ, ತುಟಿ ಬಿಚ್ಚದೆ ನಿಂತೆ.

"ಸಾಣೆ ಹಿಡಿಯೋನೇ! ಮತ್ತೆ ಬಂದೆಯೇನಲೇ ಸಾಣೆಯವನೇ!" ಅಂತ ವಕೀಲರು ಗುಡುಗಿದರು.

ಓಣಿಯ ಹೆಂಗಸರೆಲ್ಲ ಈಳಿಗೆ ಹಿಡಿದು ಓಡಿಬಂದರು.

"ನಾನು ಕೂಗಿಲ್ಲ ಸಾಹೇಬ್ರೇ," ಅಂದೆ.

"ಹೌದು ರೀ, ಕೂಗಿದ್ದು ನೀವೇ," ಅಂದರು ಅವರ ಹೆಂಡತಿ, ತಾವೂ ಕತ್ತರಿ ತರುತ್ತಾ.

ವಕೀಲರು ನಕ್ಕೇಬಿಟ್ಟರು. "ನೀನೇ ಕೂಗಿಕೊಳ್ಳಪ್ಪ. ನನ್ನ ಗಂಟಲು ಕೋರ್ಟಿಗೆ ಬೇಕು!"

ಎಷ್ಟೋ ಊರು ತಿರುಗಿದೆ, ಅಂಥ ಗಂಟಲು ಸಿಗಲಿಲ್ಲ. ದೇವರು ಅದನ್ನ ಚೆನ್ನಾಗಿಟ್ಟಿರಲಿ.