ನೀಲಗಂಗವ್ವನ ಮಗ ಆಫೀಸು ನೋಡಿಕೊಂಡದ್ದು

ರಾಣೆಬೆನ್ನೂರಿನಲ್ಲಿ ನೀಲಗಂಗವ್ವ ಅಂತ ಒಬ್ಬಾಕೆ ಇದ್ದಳು. ಆಕೆಗೊಬ್ಬ ಮಗ, ಗುರುಪಾದ. ಅವ್ವ ಎಷ್ಟು ಚುರುಕೋ ಮಗ ಅಷ್ಟೇ ಪೆದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. "ಒಲಿ ಮ್ಯಾಲೆ ಹಾಲೈತಿ, ಉಕ್ಕತೈತಿ ನೋಡು" ಅಂದರೆ, ಉಕ್ಕಿ, ಹರಿದು, ಒಲೆ ಆರುವ ತನಕ ನಿಂತು ನೋಡಿದವ. "ಏನ್ ಚಂದ ಉಕ್ಕಿತವ್ವಾ!" ಅಂದವ. ಅವ್ವ ಹಣೆ ಹಣೆ ಚಚ್ಚಿಕೊಂಡಳು.

ಈ ನೀಲಗಂಗವ್ವ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳೋದು ಬಿಟ್ಟು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಕಟ್ಟಿದ್ದಳು. ಯಾವ ಊರಿನ ಆಸ್ಪತ್ರೆಯಲ್ಲಿ ಯಾವ ಗುಂಪಿನ ರಕ್ತ ಇದೆ ಅಂತ ಸುತ್ತಲಿನ ಡಾಕ್ಟರಿಗೆಲ್ಲ ತೋರಿಸುವ ಸಾಫ್ಟ್‌ವೇರು. ಅದು ನಿಂತರೆ ಯಾರದೋ ಉಸಿರು ನಿಂತಂಗೇ. ಪ್ರಾಣೇಶ ಮತ್ತೆ ಅವನ ಜೊತೆಯವರು ದಿನಾ ಆಫೀಸಿಗೆ ಬಂದು ಕೆಲಸ ಮಾಡೋರು. ಐರಿನ್ ಅನ್ನೋ ಹುಡುಗಿ ಮಾತ್ರ ಹೊನ್ನಾವರದಲ್ಲಿ ತನ್ನ ಮನೆಯಲ್ಲೇ ಕೂತು ಮಾಡುವಳು.

ಒಂದು ದಿನ ನೀಲಗಂಗವ್ವ ಆಫೀಸಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಆಸ್ಪತ್ರೆ ಮಂಚ, ಕಾಲಿಗೆ ಪ್ಲಾಸ್ಟರು. ಮನೆಯವರು ಅಂತ ಇರೋದು ಈ ಮಗ ಒಬ್ಬನೇ. ಏನು ಮಾಡ್ತಾಳೆ?

"ಗುರುಪಾದಾ, ನಾ ಬರೂತನಾ ಆಫೀಸ್ ನೀನ ನೋಡ್ಕೋಬೇಕು. ಹೆಚ್ಚೇನೂ ಬ್ಯಾಡ. ಎಲ್ಲಾರ ಮ್ಯಾಲೂ ಒಂದು ಕಣ್ಣಿಟ್ಟಿರು, ಸಾಕು."

"ಒಂದ ಸಾಕೇನವ್ವಾ?"

"ಸಾಕೋ ಮಾರಾಯಾ!"

ಗುರುಪಾದ ಆಫೀಸಿಗೆ ಹೋದ. ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡ. ಬಲಗಣ್ಣನ್ನ ಪ್ರಾಣೇಶನ ಮೇಲಿಟ್ಟ, ಆಮೇಲೆ ಅವನ ಪಕ್ಕದವನ ಮೇಲಿಟ್ಟ. ಐರಿನ್ನಳಿಗೆ ವಿಡಿಯೊ ಕಾಲ್ ಮಾಡಿ, ಆ ಒಂದು ಕಣ್ಣನ್ನ ಕ್ಯಾಮೆರಾಕ್ಕೇ ಹಚ್ಚಿ ಕೂತುಬಿಟ್ಟ. ಮಾತಿಲ್ಲ, ಕತೆಯಿಲ್ಲ!

"ಸರ್? ನೆಟ್ ಹೋಯ್ತಾ ಸರ್?" ಅಂದಳು ಐರಿನ್. ಕಣ್ಣು ಪಿಳಿಪಿಳಿ ಅಂತು. "ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಹೇಳ್ಬಿಡಿ ಸರ್. ಕಾವಲು ಕಾಯೋರ ಮುಂದೆ ಕೂತು ಕೆಲಸ ಮಾಡೋಕೆ ನನ್ನಿಂದಾಗಲ್ಲ!" ಅಂತ ಅಳುವಂತಾದಳು.

ಸುದ್ದಿ ಆಸ್ಪತ್ರೆಗೆ ಮುಟ್ಟಿತು. "ಏ ದಡ್ಡಾ! ದೂರ ಕುಂತು ದುಡಿಯೋರ್ನ ಹಂಗ ದಿಟ್ಟಿಸ್ತಾರೇನಲೇ? ಬಾಯಿಬಿಟ್ಟು ಮಾತಾಡ್ಸಬೇಕು! ಯಾರ ದನಿ ಕೇಳಿದ್ರೂ ಮೊದಲ ಊಟ ಆತೇನ್ರಿ ಅನ್ನಬೇಕು!"

"ಇನ್ ಮ್ಯಾಲೆ ಹಂಗ ಅಂತೀನವ್ವಾ."

ಮಾರನೇ ದಿನ ಗುರುಪಾದ ಕೂತಿದ್ದ. ಫೋನು ಬಂತು. ಯಾವುದೋ ಊರಿನ ಡಾಕ್ಟರು.

"ಹಲೋ, ನಿಮ್ಮ ಸಾಫ್ಟ್‌ವೇರ್ ನಿಂತಿದೆ! ಪೇಷೆಂಟಿಗೆ ರಕ್ತ ಬೇಕು, ಎಲ್ಲಿದೆ ಅಂತ ಕಾಣ್ತಿಲ್ಲ!"

"ಊಟ ಆತೇನ್ರಿ?"

"ಏನ್ರೀ?"

"ಊಟ, ಊಟ! ಆತೇನ್ರಿ?"

"ಇಲ್ಲಿ ಜೀವ ಹೋಗ್ತಿದೆ ರೀ!"

"ಅಂದ್ರ ಇನ್ನೂ ಆಗಿಲ್ಲ!"

ಪ್ರಾಣೇಶ ಓಡಿ ಬಂದು ಫೋನು ಕಿತ್ತುಕೊಂಡ. ಅಷ್ಟರಲ್ಲಿ ಐರಿನ್ ಅಲ್ಲಿಂದಲೇ ಸರಿಮಾಡಿದಳು, ಪುಣ್ಯಕ್ಕೆ ರಕ್ತ ಸಿಕ್ಕಿತು.

"ಅಯ್ಯ ನನ್ ಕರ್ಮವೇ!" ಅಂದಳು ನೀಲಗಂಗವ್ವ. "ಸಾಫ್ಟ್‌ವೇರ್ ನಿಂತಾಗ ಊಟದ ಮಾತ್ಯಾಕಲೇ? ದೂರದೋರು, ಹತ್ರದೋರು ಎಲ್ಲಾರ್ನೂ ಕೂಡ್ಲೆ ಒಂದ ಲೈನಿಗೆ ತರಬೇಕು!"

ತಂದ. ಮತ್ತೊಮ್ಮೆ ಸಾಫ್ಟ್‌ವೇರ್ ತಡವರಿಸಿದಾಗ ಪ್ರಾಣೇಶನನ್ನ ಎಬ್ಬಿಸಿ ನಿಲ್ಲಿಸಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಕಡೆಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನಲ್ಲಿ ಐರಿನ್. "ಐರಿನ್ನವ್ವಾ, ಸ್ವಲ್ಪ ಎಡಕ್ಕ ಸರೀರಿ, ಲೈನ್ ಸೊಟ್ಟ ಆಗೇತಿ!"

"ಫೋನ್ ಲೈನೋ, ಫೋನ್ ಲೈನು!" ಅಂತ ಅವ್ವ ದಿಂಬು ಎಸೆದಳು. ಎಸೆದು, ಸುಸ್ತಾಗಿ, ಮೆತ್ತಗೆ ಹೇಳಿದಳು: "ಕೇಳಿಲ್ಲೆ. ಐರಿನ್ ಒಬ್ಬಾಕಿಗೇ ಭಾರ ಬಿದ್ದೈತಿ. ಇನ್ನೊಬ್ಬರು ಬೇಕು. ನಾಳೆ ಇಂಟರ್‌ವ್ಯೂ. ಮುಖ ನೋಡಿ ಮರುಳಾಗಬ್ಯಾಡ. ಮುಖ ನೋಡ್ಲೇಬ್ಯಾಡ! ಕೈ ನೋಡು, ಕೈ ಎಂಥಾದೈತಿ ನೋಡು!"

ಜನ ಬಂದರು. ಇಸ್ತ್ರಿ ಅಂಗಿ, ಮಿರಿಮಿರಿ ಬೂಟು. ಗುರುಪಾದ ತಲೆ ಎತ್ತಲೇ ಇಲ್ಲ. "ಕೈ ಕೊಡ್ರಿ" ಅಂದ. ಹಿಡಿದು, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ. "ಮದುವೆ ಯೋಗ ಯಾವಾಗ ಸರ್?" ಅಂತ ಕೇಳಿದ ಒಬ್ಬ. ಇನ್ನೊಬ್ಬ ಕೈ ಬಿಡಿಸಿಕೊಂಡು ಓಡಿದ.

ಕೊನೆಗೆ ವಿಡಿಯೊದಲ್ಲಿ ಒಬ್ಬ ಬಂದ. ಗುರುಪಾದ ಅಂಗೈಯಿಂದ ಪರದೆ ಮುಚ್ಚಿದ.

"ಮುಖ ಬ್ಯಾಡ್ರಿ! ಕೈ ತೋರಿಸ್ರಿ!"

ಪಾಪ, ಅವನಿಗೇನು ಗೊತ್ತು? ಕೆಲಸ ಮಾಡಿ ತೋರಿಸು ಅಂತಿದ್ದಾರೆ ಅಂದುಕೊಂಡ. ಕ್ಯಾಮೆರಾವನ್ನ ಕೀಬೋರ್ಡಿನ ಕಡೆ ತಿರುಗಿಸಿ, ಬರೆದದ್ದೂ ಕಾಣೋ ಹಾಗೆ ಮಾಡಿ, ಟೈಪ್ ಮಾಡೋಕೆ ಶುರು ಮಾಡಿದ. ಗುರುಪಾದ ಬೆರಳ ಸಂದಿಯಿಂದ ನೋಡಿ, ಅಂಗೈ ತೆಗೆದ. ಬಾಯಿ ತೆರೆದವನು ಮುಚ್ಚಲೇ ಇಲ್ಲ. ಬೆರಳುಗಳು ಓಡಿದವು, ನಿಂತವು, ಯೋಚನೆ ಮಾಡಿದವು, ಮತ್ತೆ ಓಡಿದವು. ಮಗ್ಗದಲ್ಲಿ ಬಟ್ಟೆ ಇಳಿದು ಬಂದ ಹಾಗೆ ಸಾಲು ಸಾಲು ಅಕ್ಷರ ಇಳಿದು ಬಂತು.

"ಅಬಬಬಾ! ಹತ್ತು ಬೆರಳು, ಒಂದಕ್ಕೊಂದು ಡಿಕ್ಕೀನ ಹೊಡೀಲಿಲ್ಲ! ನಿಮ್ಮನ್ನ ತಗೊಂಡೀನ್ರಿ!"

"ಯಾರ್ನ ತಗೊಂಡಿ?" ಕೇಳಿದಳು ಅವ್ವ.

"ಆ ಕೈನ್ನ."

"ಹೆಸರೇನು? ಊರ್ಯಾವುದು? ಮುಖ ಹೆಂಗೈತಿ?"

"ಮುಖ ನೋಡಬ್ಯಾಡ ಅಂದಿದ್ದಿ."

ನೀಲಗಂಗವ್ವ ಪ್ರಾಣೇಶನಿಗೆ ಹೇಳಿ ವಿಚಾರಿಸಿದಳು. ಹೆಸರು ಮೌನೇಶ. ಸುರಪುರದ ಕಡೆಯ ಹಳ್ಳಿಯವ. ಹೆಂಡತಿ ಅಲ್ಲೇ ಅಂಗನವಾಡಿ ಟೀಚರು, ಅದಕ್ಕೇ ಊರು ಬಿಟ್ಟು ಬರಲಾರ. ಆಫೀಸಿಗೆ ಬರದವನು ಬೇಡ ಅಂತ ಎಷ್ಟೋ ಕಂಪನಿಯವರು ಅವನನ್ನ ಬಿಟ್ಟಿದ್ದರು.

ಆ ವಾರವೇ ಸಂಜೆ ಸಾಫ್ಟ್‌ವೇರ್ ಪೂರ್ತಿ ಮಲಗಿತು. ಒಬ್ಬ ಬಾಣಂತಿ, ಆಕೆಗೆ ಬೇಕಾದದ್ದು ಸಿಗೋದೇ ಅಪರೂಪವಾದ ಗುಂಪಿನ ರಕ್ತ. ಆಫೀಸಿನವರು ಇಲ್ಲಿ ಹುಡುಕಿದರು, ಐರಿನ್ ಅಲ್ಲಿ ಹುಡುಕಿದಳು. ಎಲ್ಲಿ ತಪ್ಪಿದೆ ಅಂತ ತಿಳೀಲಿಲ್ಲ. ಮೌನೇಶ ಹುಡುಕಿದ. ಸಿಕ್ಕಿತು! ಪರದೆ ಬೆಳಗಿತು, ದೂರದ ಊರಿಂದ ರಕ್ತ ಹೊರಟಿತು, ತಾಯಿ ಉಳಿದಳು, ಕೂಸು ಉಳಿಯಿತು. ಗುರುಪಾದ ಪರದೆಯನ್ನೇ ನೋಡುತ್ತ ನಿಂತಿದ್ದ. ಅಲ್ಲೆಲ್ಲೋ ಬೆರಳು ಆಡಿದರೆ ಇಲ್ಲೆಲ್ಲೋ ಒಂದು ಎದೆ ಬಡಿದುಕೊಳ್ತದೆ!

ನೀಲಗಂಗವ್ವ ಮಂಚದಲ್ಲೇ ಕೈ ಮುಗಿದಳು. "ಎಂಥಾ ಕೆಲಸ ಮಾಡಿದ ಪುಣ್ಯಾತ್ಮ! ಗುರುಪಾದಾ, ಮೊದ್ಲು ಅವನ ಬೆನ್ನು ತಟ್ಟೋ!"

ಗುರುಪಾದ ಹೊರಟೇಬಿಟ್ಟ. ಬಸ್ಸು ಹತ್ತಿದ, ಬಸ್ಸಿಳಿದು ಟೆಂಪೊ ಹತ್ತಿದ, ಟೆಂಪೊ ಹೋಗದ ದಾರಿಯಲ್ಲಿ ನಡೆದ. ಹಳ್ಳಿ ಬಂತು. ಮೌನೇಶನ ಮುಖ ಇವನಿಗೆಲ್ಲಿ ಗೊತ್ತು? ಕಟ್ಟೆ ಮೇಲಿದ್ದವರ ಕೈ ನೋಡಿದ. ಅಲ್ಲ. ಬಾವಿ ಹತ್ತಿರದವರ ಕೈ ನೋಡಿದ. ಅಲ್ಲ. ಊರಾಚೆ ಗುಡ್ಡದ ಬಂಡೆಯ ಮೇಲೆ, ಸಿಗ್ನಲ್ ಸಿಗುವ ಜಾಗದಲ್ಲಿ, ಒಬ್ಬ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಬೆರಳು ಓಡಿದವು, ನಿಂತವು, ಮತ್ತೆ ಓಡಿದವು.

"ಇದ ಕೈ!"

ಹಿಂದಿನಿಂದ ಹೋಗಿ ಬೆನ್ನು ತಟ್ಟಿದ. ಟಪ್, ಟಪ್, ಟಪ್!

ಅವನು ಬೆಚ್ಚಿ ಎದ್ದ. "ಯಾರ್ರೀ ನೀವು?"

"ನೀಲಗಂಗವ್ವನ ಮಗ. ಬೆನ್ನು ತಟ್ಟು ಅಂದಿದ್ಲು. ತಟ್ಟೀನಿ. ಬರ್ತೀನ್ರಿ."

ಬಂದ ದಾರಿಯಲ್ಲೇ ಹೊರಟುಹೋದ! ನೀರು ಕೇಳಲಿಲ್ಲ, ಕೂರಲಿಲ್ಲ. ಮೌನೇಶ ಬಂಡೆಯ ಮೇಲೆ ನಿಂತೇ ಇದ್ದ. ಎಷ್ಟೋ ವರ್ಷ ದೂರದಿಂದಲೇ ಎಷ್ಟೋ ಮಂದಿಗೆ ಬಿಡಿ ಕೆಲಸ ಮಾಡಿಕೊಟ್ಟಿದ್ದ, ಒಬ್ಬರ ನೆರಳನ್ನೂ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. "ಇಷ್ಟಕ್ಕ ಅಲ್ಲಿಂದ ಬಂದಿದ್ನಾ?" ಅಂತ ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು.

ಆದರೆ ಅವ್ವ ಬಿಟ್ಟಾಳೆ? "ಆಫೀಸ್ ಹಾಳುಬಿಟ್ಟು ಸುರಪುರಕ್ಕ ಹೋಗಿದ್ಯಾ! ಫೋನಿನ್ಯಾಗ ಶಹಬ್ಬಾಸ್ ಅಂದಿದ್ರ ಸಾಕಿತ್ತಲ್ಲೋ! ನಿನ್ನ ಕೈಯಾಗ ಆಫೀಸ್ ಕೊಟ್ಟಿದ್ದ ತಪ್ಪಾತು. ಬೀಗ ಹಾಕು. ನಾ ಬರೂತನಾ ದೂರದೋರು, ಹತ್ರದೋರು ಅಂತ ಭೇದ ಇಲ್ಲ. ಎಲ್ಲಾರೂ ಮನಿಯಿಂದನ ಕೆಲಸ ಮಾಡ್ಲಿ!"

"ಎಲ್ಲಾರೂ?"

"ಎಲ್ಲಾರೂ!"

ಪ್ಲಾಸ್ಟರ್ ಬಿಚ್ಚಿದ ದಿನ ನೀಲಗಂಗವ್ವ ಆಟೊದಲ್ಲಿ ಮನೆಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ರಾಶಿ! ಕೋಲೂರಿ ಒಳಗೆ ಬಂದಳು. ದೇವರ ಕೋಣೆಯಲ್ಲಿ ಪ್ರಾಣೇಶ ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅಡುಗೆಮನೆ ಕಟ್ಟೆಯ ಮೇಲೆ ಒಬ್ಬ, ಕಪಾಟಿಗೆ ಒರಗಿ ಒಬ್ಬ. ಅಂಗಳದಲ್ಲಿ ಒಂದು ಮೇಕೆ!

"ಇದೇನಲೇ ಇದು?"

"ಎಲ್ಲಾರೂ ಮನಿಯಿಂದನ ಕೆಲಸ ಮಾಡ್ಲಿ ಅಂದ್ಯಲ್ಲವ್ವಾ. ಮಾಡಾಕತ್ತಾರ!"

"ನಾನು ಮನೆಯಿಂದಲೇ ಮಾಡ್ತಿದೀನಿ ಅಂದೆ ಅಮ್ಮಾ," ಅಂತ ಮಂಚದ ಮೇಲಿಂದ ಒಂದು ಹುಡುಗಿ ಎದ್ದು ನಿಂತಳು. "ಇವರು, ಅದು ನಿಮ್ಮ ಮನಿ, ಅವ್ವ ಹೇಳಿದ್ದು ನಮ್ಮ ಮನಿ ಅಂದ್ರು!"

ಆ ದನಿ! ದಿನಾ ಫೋನಿನಲ್ಲಿ ಕೇಳಿದ ದನಿ. ಅದಕ್ಕೀಗ ಕಣ್ಣು, ಮೂಗು, ಜಡೆ ಬಂದಿತ್ತು. "ಐರಿನ್?" ಅಂದಳು ನೀಲಗಂಗವ್ವ. ಮೂಲೆಯಿಂದ ಹೆಂಡತಿ ಕೂಸಿನ ಜೊತೆ ಇನ್ನೊಬ್ಬ ನಾಚುತ್ತ ಮುಂದೆ ಬಂದ. "ನಾ ಮೌನೇಶ್ರೀ. ಅವರು ಬಾ ಅಂದ್ರು. ಬ್ಯಾಡ ಅನ್ನಾಕ ಮನಸು ಬರ್ಲಿಲ್ಲ. ಈಕಿನೂ ನಾಕು ದಿನ ರಜಾ ಹಾಕಿ ಬಂದ್ಲು. ಮ್ಯಾಕಿ ನೋಡ್ಕೊಳ್ಳಾಕ ಊರಾಗ ಯಾರೂ ಇಲ್ರಿ."

ನೀಲಗಂಗವ್ವ ಕೋಲು ಗೋಡೆಗೆ ಒರಗಿಸಿದಳು. ಐರಿನ್ನಳ ಗಲ್ಲ ಸವರಿದಳು, ಮೌನೇಶನ ಎರಡೂ ಕೈ ಹಿಡಿದು ನೋಡಿದಳು. ಇಷ್ಟು ದಿನ ಎಲ್ಲೆಲ್ಲೋ ಕೂತು ಯಾರ್ಯಾರದೋ ಜೀವ ಕಾಯುತ್ತಿದ್ದವರು, ಇವತ್ತು ತನ್ನ ಮನೆಯ ತುಂಬ. ಅಂಥಾ ಗಟ್ಟಿಗಿತ್ತಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಲ್ಲರಿಗೂ ಊಟ ಹಾಕಿಸಿದಳು. ಉಂಡಾದ ಮೇಲೆ ಮಗನನ್ನ ಹತ್ತಿರ ಕರೆದಳು. ಇವತ್ತು ಬೈಯಲಿಲ್ಲ.

"ಗುರುಪಾದಾ, ಪಾಪ, ದೂರದಿಂದ ಬಂದಾರ. ತಡಾ ಮಾಡ್ದ ಎಲ್ಲಾರ್ನೂ ಜ್ವಾಕಿಲೆ ಮನಿ ಮುಟ್ಟಿಸಪ್ಪಾ."

"ಆತವ್ವಾ."

ಗುರುಪಾದ ಐರಿನ್ನಳ ಕೈ ಜೋಪಾನವಾಗಿ ಹಿಡಿದ, ನಡೆಸಿಕೊಂಡು ಹೋಗಿ ಗೋಡೆಗೆ ಮುಟ್ಟಿಸಿದ. ಪ್ರಾಣೇಶನ ಕೈ ಹಿಡಿದ, ಗೋಡೆಗೆ ಮುಟ್ಟಿಸಿದ. ಮೌನೇಶನ ಕೈ, ಅವನ ಹೆಂಡತಿಯ ಕೈ, ಕೂಸಿನ ಪುಟ್ಟ ಕೈ. ಯಾರಿಗೂ ಏನೂ ತಿಳೀಲಿಲ್ಲ, ಆದರೂ ಎಲ್ಲರೂ ಭಕ್ತಿಯಿಂದ ಮುಟ್ಟಿದರು. ಕಡೆಗೆ ಅಂಗಳಕ್ಕೆ ಹೋಗಿ ಮೇಕೆಯ ಮುಂಗಾಲೆತ್ತಿ ಗೋಡೆಗೆ ಹಚ್ಚಿ, ಅಲ್ಲಿಂದಲೇ ಕೂಗಿದ:

"ಎಲ್ಲಾರ್ನೂ ಮನಿ ಮುಟ್ಟಿಸೀನವ್ವಾ! ಒಬ್ಬರೂ ಉಳಿದಿಲ್ಲ!"